ಮಹಾಮಂಡೂಕನ ಬಾಯಲ್ಲಿ ನೀಲವ್ವ

“ಲೇ ಯಮನೂರ್ಯಾ, ನಿನಗ ಮುಖಾನ ಇಲ್ಲ, ಮಾತು ಎಲ್ಲಿಂದ ಬಂತಲೇ? ಪುಸ್ತಕದಾಗ ಬಗ್ಗಿ ನೋಡಿಕೋ. ನಿಮ್ಮ ಓಣ್ಯಾಗಿನವರೆಲ್ಲಾ ಬರೇ ಗುಂಡು. ಒಂದು ಗುಂಡು, ಅದರಾಗೊಂದು ತೂತು. ಆ ತೂತು ಕೂಗಾಕ ಐತಿ, ವಾದಾ ಮಾಡಾಕಲ್ಲ.”

ರುದ್ರಗೌಡ ಇದನ್ನು ಹೇಳಿದ್ದು ವಾಚನಾಲಯದ ಕಟ್ಟೆಯ ಮೇಲೆ ನಿಂತು, ಇಡೀ ಊರಿನ ಎದುರಿಗೆ. ನಕ್ಕವರಲ್ಲಿ ನಮ್ಮ ಓಣಿಯವರೂ ಇದ್ದರು. ಗೌಡನ ಮಾತಿಗಿಂತ ಆ ನಗೆ ನನಗೆ ಹೆಚ್ಚು ಉರಿಯಿತು. ನಾನು ಕೇಳಿದ್ದಾದರೂ ಏನು? ನಮ್ಮ ಅಕ್ಕ ನೀಲವ್ವನನ್ನೇ ಯಾಕೆ ಆರಿಸಿದಿರಿ ಎಂದಷ್ಟೇ.

ವಾಚನಾಲಯದ ಕಬ್ಬಿಣದ ಪೆಟ್ಟಿಗೆಯಲ್ಲಿ ಕೆಂಪು ದಾರ ಸುತ್ತಿದ, ಚಿತ್ರಕಥೆಗಳ ಒಂದು ಹಳೆಯ ಕಟ್ಟು ಇದೆ. ಪ್ರತಿ ಸಂಚಿಕೆಯ ಹೊದಿಕೆಯ ಮೇಲೂ ಹಳದಿ ಅಕ್ಷರದಲ್ಲಿ ‘ಸಿಡಿಲರಾಯ’ ಎಂದು, ಅದರ ಕೆಳಗೆ ‘ರಾಕ್ಷಸರೊಡನೆ ರಣಕಾಳಗ! ಮೈ ನಡುಗಿಸುವ ವಿಚಿತ್ರ ಕಥೆಗಳು! ಬೆಲೆ ಆರಾಣೆ’ ಎಂದು ಅಚ್ಚಾಗಿದೆ. ಯಾರು ಬರೆದರು, ಎಲ್ಲಿ ಅಚ್ಚಾಯಿತು ಎಂಬುದನ್ನು ಇಲಿ ತಿಂದಿದೆ. ನಮ್ಮೂರಿಗೆ ರಾಕ್ಷಸರು ಬರುವುದು ಆ ಕಟ್ಟಿನ ಕ್ರಮದಲ್ಲಿ, ವರ್ಷಕ್ಕೊಂದು, ಒಮ್ಮೊಮ್ಮೆ ಎರಡು. ಕಲ್ಲುಗಣಿಯ ಕಡೆ ದೂಳು ಎದ್ದಿತೆಂದರೆ ನೀರಿನ ಟಾಕಿಯ ಮೇಲಿನ ಸೈರನ್ ಕೂಗುತ್ತದೆ. ಅಂಗಡಿಯವರು ಬಾಗಿಲು ಎಳೆದುಕೊಳ್ಳುತ್ತಾರೆ, ಗೌಡರ ಮನೆಯವರು ಸಿಡಿಲರಾಯನ ಕೆಂಪು ಮೇಲುಹೊದಿಕೆಗೆ ಇಸ್ತ್ರಿ ಹಾಕಿಸುತ್ತಾರೆ, ಎಲ್ಲರೂ ಸಂತೆಬಯಲಿನಲ್ಲಿ ಸೇರುತ್ತಾರೆ. ವಾಚನಾಲಯದ ವೆಂಕಣ್ಣ ಮಾಸ್ತರರು ಕಟ್ಟೆ ಹತ್ತಿ ಒಂದೊಂದು ಚಿತ್ರವನ್ನೂ ಗಟ್ಟಿಯಾಗಿ ಓದುತ್ತಾರೆ. ನಾವು ಹಾಗೆಯೇ ಮಾಡುತ್ತೇವೆ, ರಾಕ್ಷಸನೂ ಹಾಗೆಯೇ ಮಾಡುತ್ತದೆ. ಕೊನೆಯ ಪುಟದಲ್ಲಿ ಸಿಡಿಲರಾಯ ಗುದ್ದುತ್ತಾನೆ, ಅದು ಬೀಳುತ್ತದೆ, ಹೊತ್ತು ಮುಳುಗುವುದರೊಳಗೆ ಕರಗಿಹೋಗುತ್ತದೆ. ನೆಲದ ಮೇಲೆ ಬಣ್ಣದ ಕಲೆ ಉಳಿಯುತ್ತದೆ. ಅದನ್ನು ನಮ್ಮ ಓಣಿಯ ಹೆಂಗಸರು ತೊಳೆಯುತ್ತಾರೆ.

ಸಿಡಿಲರಾಯನಾಗುವುದು ಗೌಡರ ಮನೆತನ. ಚಿತ್ರಗಳಲ್ಲಿ ಬರೀ ಗುಂಡು ತಲೆ, ಅದರಲ್ಲೊಂದು ತೆರೆದ ಬಾಯಿ ಎಂದು ಬರೆದಿರುವ ಗುಂಪಾಗಿ ಕೂಗುವುದು ನಮ್ಮ ಓಣಿ. ಅದಕ್ಕೇ ಅದರ ಹೆಸರು ಕೂಗುಗಾರರ ಓಣಿ. ಕೂಸು ಹುಟ್ಟಿದಾಗ ಗಂಡೋ ಹೆಣ್ಣೋ ಎಂದು ಕೇಳುವುದಕ್ಕಿಂತ ಮೊದಲು ದನಿ ಹೇಗಿದೆ ಎಂದು ಕೇಳುವ ಓಣಿ ಅದು. ಕೂಗುವುದಕ್ಕೂ ಕಟ್ಟಳೆಯುಂಟು. ಪುಸ್ತಕದಲ್ಲಿ ‘ಅಯ್ಯೋ! ಕಾಪಾಡಿ! ಕಾಪಾಡಿ!’ ಎಂದಿದ್ದರೆ ಹಾಗೆಯೇ ಕೂಗಬೇಕು. ಒಮ್ಮೆ ಮುದುಕ ಹನಮಪ್ಪ ಬಾಯಿತಪ್ಪಿ ‘ಯವ್ವಾ ಸತ್ತ್ಯೋ’ ಎಂದುಬಿಟ್ಟ. ರಾಕ್ಷಸ ಗೊಂದಲಕ್ಕೆ ಬಿದ್ದು ಪುಸ್ತಕದಲ್ಲಿ ಇಲ್ಲದ ಕಡೆಗೆ ಎರಡು ಹೆಜ್ಜೆ ಇಟ್ಟಿತು. ಹಳೇ ಪೇಟೆಯ ಜಾಗದಲ್ಲಿ ಈಗಲೂ ಎಮ್ಮೆ ಮೇಯುತ್ತವೆ.

ನಮ್ಮಪ್ಪ ಹೋದದ್ದು ‘ಕಲ್ಲುಗಾಲಿನ ಕಂಟಕ’ ಬಂದ ಸಲ. ಆ ಸಂಚಿಕೆಯ ಒಂದು ಚಿತ್ರದಲ್ಲಿ ರಾಕ್ಷಸನ ಪಾದದ ಕೆಳಗಿನಿಂದ ಒಂದು ಕಾಲು ಹೊರಗೆ ಚಾಚಿತ್ತು, ಕಾಲಲ್ಲಿ ಚಪ್ಪಲಿ. ಉಳಿದ ಮನುಷ್ಯನನ್ನು ಬರೆದೇ ಇರಲಿಲ್ಲ. ಅಪ್ಪನ ಹತ್ತಿರ ಅಂಥ ಚಪ್ಪಲಿ ಇದ್ದವು. ಕಿತ್ತುಹೋಗಿದ್ದ ಉಂಗುಟವನ್ನು ಅವ್ವ ತಾನೇ ಕೂತು ಹೊಲಿದುಕೊಟ್ಟಳು, ಚಿತ್ರದಲ್ಲಿ ಅದು ಗಟ್ಟಿಯಾಗಿತ್ತು ಎಂದು. ಆಗ ನಾನು ಐದನೇ ಇಯತ್ತೆಯಲ್ಲಿದ್ದೆ. ಆಮೇಲೆ ಶಾಲೆಯ ಕಡೆ ಹೋಗದೆ ಸೈಕಲ್ ಅಂಗಡಿ ಸೇರಿದೆ. ಪಂಕ್ಚರ್ ಹಚ್ಚುವುದಕ್ಕೆ ಕಾಗುಣಿತ ಬೇಕಿಲ್ಲ.

ಇನ್ನೊಂದು ಕಟ್ಟಳೆ ಹೇಳಬೇಕು. ರಾಕ್ಷಸ ಬರುವ ಸೂಚನೆ ಸಿಕ್ಕಾಗ ಮಾಸ್ತರರು ಹೊಸ ಸಂಚಿಕೆ ಬಿಚ್ಚಿ, ಯಾರು ಎಲ್ಲಿ ನಿಲ್ಲಬೇಕು ಎಂದು ಹಂಚುವುದಕ್ಕಾಗಿ ಮೊದಲ ಪುಟಗಳನ್ನು ನೋಡುತ್ತಾರೆ. ಕೊನೆಯ ಪುಟವನ್ನು ಮಾತ್ರ ಯಾರೂ ತೆರೆಯುವುದಿಲ್ಲ. ಗೆಲ್ಲುವುದನ್ನು ಮುಂಚೆಯೇ ನೋಡಿದರೆ ಸಿಡಿಲರಾಯನ ತೋಳು ಸಡಿಲಾಗುತ್ತದಂತೆ. ಇನ್ನು ಚಿತ್ರದ ಗೆರೆಯ ಹೊರಗೆ ಏನೇ ಅಚ್ಚಾಗಿದ್ದರೂ ಅದು ಓದಿಗೆ ಸೇರದು. ಗೆರೆಯ ಒಳಗೆ ಇದ್ದದ್ದನ್ನು ಬಿಡುವಂತಿಲ್ಲ.

ಈ ಸಲದ್ದು ಇಪ್ಪತ್ಮೂರನೆಯ ಸಂಚಿಕೆ, ‘ಮಹಾಮಂಡೂಕ’. ಹೊದಿಕೆಯ ಮೇಲೆ ಗುಡ್ಡದಷ್ಟು ದೊಡ್ಡ ಕಪ್ಪೆ, ಎರಡು ಕಾಲಿನ ಮೇಲೆ ನಿಂತಿದೆ. ಅದರ ಮುಷ್ಟಿಯಲ್ಲಿ ಚೌಕಳಿ ಸೀರೆಯ ಒಬ್ಬ ಹೆಂಗಸು. ಸುದ್ದಿ ಹಬ್ಬುತ್ತಲೇ ನಮ್ಮ ಓಣಿಯ ಚೌಕಳಿ ಸೀರೆಗಳೆಲ್ಲ ಟ್ರಂಕಿನ ತಳ ಸೇರಿದವು. ನೀಲವ್ವ ಮಾತ್ರ ಅದನ್ನೇ ಉಟ್ಟು ಹಂಚಿಕೆಯ ಸಭೆಗೆ ಬಂದಳು. ಇದ್ದದ್ದರಲ್ಲಿ ಒಳ್ಳೆಯದು ಅದೊಂದೇ. ಸಭೆಗೆ ಹರಕು ಉಟ್ಟುಕೊಂಡು ಹೋಗಲೇನು ಎಂದು ನನ್ನನ್ನೇ ಬೈದಿದ್ದಳು.

ಅಕ್ಕ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಗಾಡಿ ಇಟ್ಟವಳು. ತೋಳು ದಪ್ಪ, ದನಿ ದಪ್ಪ. ಮದುವೆ ಮುರಿದುಕೊಂಡು ಬಂದ ಮೇಲೆ ಅವ್ವನನ್ನೂ ನನ್ನನ್ನೂ ಸಾಕಿದವಳು. ಗೌಡನ ಮನೆಗೂ ದಿನಾ ಸಂಜೆ ಅವಳ ಮಿರ್ಚಿಯೇ ಹೋಗುತ್ತಿತ್ತು. ಅವಳತ್ತ ಗೌಡ ಬೆರಳು ತೋರಿಸಿದ, ಮಾಸ್ತರರು ತಲೆಯಾಡಿಸಿದರು. ನಾನು ಎದ್ದು ಕೇಳಿದೆ. ಗುಂಡು ಮತ್ತು ತೂತಿನ ಮಾತು ಬಂತು.

ಅಕ್ಕ ನನ್ನ ಅಂಗಿ ಹಿಡಿದು ಕೂರಿಸಿದಳು. “ಸುಮ್ಕಿರೋ ತಮ್ಮಾ. ಮುಷ್ಟ್ಯಾಗ ಹಿಡಿಯೂದು ಅಷ್ಟ. ಮುಷ್ಟ್ಯಾಗಿನವರು ಬದಕ್ತಾರ. ತಿಪ್ಪವ್ವ ಅತ್ತಿನ್ನ ಹಿಡದಿತ್ತಲ್ಲ ಎರಡು ಸಲ, ಇನ್ನೂ ಎಲಿ ಅಡಿಕಿ ಜಗೀತಾಳ.”

ಅದು ನಿಜವೂ ಆಗಿತ್ತು. ಮುಷ್ಟಿಯಲ್ಲಿ ಸಿಕ್ಕವರನ್ನು ಕೊನೆಯ ಪುಟದಲ್ಲಿ ರಾಕ್ಷಸ ಬಿಟ್ಟುಬಿಡುತ್ತಿತ್ತು. ಪಕ್ಕೆಲುಬು ಹೋಗಬಹುದು, ಜೀವ ಹೋಗದು. ನಾನು ಕೂತೆ.

ಮಹಾಮಂಡೂಕ ಬಂದದ್ದು ಸುಡುಬಿಸಿಲಿನಲ್ಲಿ. ಅದರ ಹಸಿರು ಅದರ ಮೈಗಿಂತ ಒಂದು ಮೊಳ ಆಚೆಗೆ ಸರಿದಿತ್ತು. ಎಲ್ಲ ರಾಕ್ಷಸರೂ ಹಾಗೆಯೇ, ಹಳೆಯ ಅಚ್ಚಿನಲ್ಲಿ ಬಣ್ಣ ಗೆರೆ ದಾಟಿರುತ್ತದಲ್ಲ ಹಾಗೆ. ಕಣ್ಣಿನ ಕೆಂಪು ಕಣ್ಣಿನ ಪಕ್ಕದಲ್ಲಿ ತೇಲುತ್ತಿತ್ತು. ಮಾಸ್ತರರು ಓದಿದರು. ನಾವು ‘ಕಾಪಾಡಿ’ ಎಂದೆವು. ಅದು ಬಗ್ಗಿ ಅಕ್ಕನನ್ನು ಮುಷ್ಟಿಯಲ್ಲಿ ಎತ್ತಿತು. ಗೌಡ ಕೆಂಪು ಹೊದಿಕೆ ಬೀಸಿ, “ಎಲವೋ ದುಷ್ಟ ಜಂತುವೇ, ನಿನ್ನ ಕೊನೆಗಾಲ ಬಂದಿದೆ!” ಎಂದ. ಮಾಸ್ತರರು ಕೊನೆಯ ಪುಟ ತಿರುವಿದರು. “ಮಹಾಮಂಡೂಕನು ಆ ಅಬಲೆಯನ್ನು ತನ್ನ ಬಾಯೊಳಗೆ...”

ಅವರ ದನಿ ನಿಂತಿತು. ಆದರೆ ಅಷ್ಟು ಓದಿಯಾಗಿತ್ತು. ಕಪ್ಪೆ ಅಕ್ಕನನ್ನು ಬಾಯಿಗೆ ಹಾಕಿಕೊಂಡಿತು.

“ಮುಂದ ಓದ್ರಿ ಮಾಸ್ತರ!” ನಾನು ಕಿರುಚಿದೆ. “ಗುದ್ದು ಎಲ್ಲೈತಿ? ಗುದ್ದು ಓದ್ರಿ!”

ಮಾಸ್ತರರ ಕನ್ನಡಕ ಮೂಗಿನ ತುದಿಗೆ ಬಂದಿತ್ತು. “ಗುದ್ದಿಲ್ಲೋ,” ಎಂದರು, ಅವರಿಗೆ ಅವರೇ ಹೇಳಿಕೊಂಡಂತೆ. “ಇಲ್ಲಿಗೆ ಮುಗೀತು. ಕೆಳಗ ಸಣ್ಣ ಅಕ್ಷರದಾಗ ‘ಮುಂದುವರಿಯುವುದು’ ಅಂತ ಐತಿ.”

ಇಷ್ಟು ವರ್ಷ ಯಾವ ಸಂಚಿಕೆಯೂ ಹೀಗೆ ನಡುವೆ ಕೈಬಿಟ್ಟಿರಲಿಲ್ಲ. ಮಾಸ್ತರರು ಓಡಿಹೋಗಿ ಕಟ್ಟು ಬಿಚ್ಚಿದರು. ಇಪ್ಪತ್ಮೂರರ ಕೆಳಗೆ ಇಪ್ಪತ್ತೈದು ಇತ್ತು. ಇಪ್ಪತ್ನಾಲ್ಕು ಎಂದೂ ಇರಲೇ ಇಲ್ಲ. ನಾವು ದಾರದ ಗಂಟು ನೋಡಿ ಕೈ ಮುಗಿದವರು, ಅಂಕಿ ನೋಡಿದವರಲ್ಲ. ಮಾಸ್ತರರು ಇಪ್ಪತ್ತೈದನ್ನೇ ಓದಿ ನೋಡಿದರು. ಕಪ್ಪೆ ಕಣ್ಣು ಮಿಟುಕಿಸಲಿಲ್ಲ. ಸಂತೆಬಯಲಿನ ನಡುವೆ, ಒಂದು ಕಾಲು ಮುಂದಿಟ್ಟು, ಅರ್ಧ ತೆರೆದ ಬಾಯಿಯಲ್ಲಿ ಅದು ನಿಂತೇ ಇತ್ತು. ಗೌಡ ಮುಷ್ಟಿ ಎತ್ತಿಕೊಂಡು ನಿಂತವನು ಬಹಳ ಹೊತ್ತಿನ ಮೇಲೆ ತೋಳು ನೋಯುತ್ತಿದೆ ಎಂದು ಇಳಿಸಿದ. ಆಗ ಮೇಲಿನಿಂದ ದನಿ ಬಂತು.

“ಯಾರಾದ್ರೂ ಒಂದೀಟು ಗಾಳಿ ಹಾಕ್ರೋ! ಒಳಗ ಭಟ್ಟಿ ಆಗೇತಿ!”

ಕಪ್ಪೆಗೆ ಹಲ್ಲಿಲ್ಲ. ಅಕ್ಕ ಬದುಕಿದ್ದಳು. ಆ ಕ್ಷಣ ನಕ್ಕೆನೋ ಅತ್ತೆನೋ ಇವತ್ತಿಗೂ ತಿಳಿಯದು.

ವಿದ್ಯುತ್ ಕಂಬದ ಏಣಿ ತಂದು ಹತ್ತಿದೆ. ಅಕ್ಕ ನಾಲಗೆಯ ಮೇಲೆ, ಒದ್ದೆ ಗಾದಿಯ ಮೇಲೆ ಕೂತಂತೆ ಕಾಲು ಚಾಚಿ ಕೂತಿದ್ದಳು. ಕೈ ಹಿಡಿದು ಎಳೆದೆ. ತಕ್ಷಣ ಮೇಲಿನ ದವಡೆ ಒಂದು ಗೇಣು ಇಳಿಯಿತು. ಬಿಟ್ಟೆ, ನಿಂತಿತು. ಮತ್ತೆ ಮುಟ್ಟುವ ಧೈರ್ಯ ಆಗಲಿಲ್ಲ. ನಾಲ್ಕು ಮಂದಿ ಬಿದಿರಿನ ಗಳ ತಂದು ದವಡೆಗೆ ಆನಿಸಿದರು. ಗಳಗಳು ಬೆಂಡಿನಂತೆ ಮುರಿದವು, ದವಡೆ ಇನ್ನೊಂದು ಗೇಣು ಇಳಿಯಿತು. “ಸಾಕು ಬಿಡ್ರೋ, ನಿಮ್ಮ ಶಾಣ್ಯಾತನದಾಗ ನನ್ನ ನುಂಗಿಸ್ತೀರಿ,” ಎಂದಳು ಅಕ್ಕ.

ಊರು ಅದಕ್ಕೂ ಹೊಂದಿಕೊಂಡಿತು. ಇದೇ ನನಗೆ ಇವತ್ತಿಗೂ ಗಂಟಲಿಗಿಳಿಯದ ಸಂಗತಿ. ಸಂತೆಯ ದಿನ ಬಂತು, ಸಂತೆ ನೆರೆಯಿತು. ಕಪ್ಪೆಯ ನೆರಳಿನಲ್ಲಿ ಕಲ್ಲಂಗಡಿಯವರು ಜಾಗಕ್ಕಾಗಿ ಜಗಳವಾಡಿದರು. ಅದರ ಹಿಂಗಾಲಿನಿಂದ ಟಾಕಿಯ ಕಂಬಕ್ಕೆ ಹಗ್ಗ ಕಟ್ಟಿ ಯಾರೋ ಬಟ್ಟೆ ಒಣಹಾಕಿದರು. ಅವ್ವ ಮಿರ್ಚಿ ಗಾಡಿಯನ್ನು ಕಪ್ಪೆಯ ಪಾದದ ಬಳಿಗೆ ತಳ್ಳಿಸಿಕೊಂಡಳು, ಮಗಳ ದನಿ ಕೇಳುತ್ತಿರಲಿ ಎಂದು. ಗಿರಾಕಿಗಳು ತಿನ್ನುತ್ತ ಕತ್ತೆತ್ತಿ ಮಾತಾಡಿಸುತ್ತಿದ್ದರು.

“ನೀಲವ್ವಾ, ಹಿಟ್ಟು ಸಪ್ಪಗಾಗೇತಲ್ಲಬೇ!”

“ಓಮಿನಕಾಳು ಎಡಗಡೆ ಡಬ್ಬ್ಯಾಗ ಐತಿ ಅಂತ ಹೇಳ್ರಿ ಅವ್ವಗ! ಸೋಡಾ ಜಾಸ್ತಿ ಹಾಕಬ್ಯಾಡ್ರಿ, ಎಣ್ಣಿ ಕುಡೀತಾವು!”

“ಮ್ಯಾಲಿಂದ ಏನೇನ ಕಾಣತೈತಿ?”

“ನಿನ್ನ ಹೆಂಡ್ತಿ ಬಡಿಗಿ ಹಿಡಕೊಂಡು ಈ ಕಡೆ ಬರಾಕ್ಹತ್ಯಾಳ. ತಿಂದ ಓಡು!”

ಎಲ್ಲರೂ ನಗುತ್ತಿದ್ದರು. ದಿನಾ ಏಣಿ ಹತ್ತಿ ರೊಟ್ಟಿ ಕೊಡುತ್ತಿದ್ದವನು ನಾನು. ಹಾಗಾಗಿ ದವಡೆ ತಾನಾಗಿ ಇಳಿಯುತ್ತಿರುವುದು ಮೊದಲು ಕಂಡದ್ದು ನನಗೆ. ಮೊದಲಿಗೆ ಅಕ್ಕ ಕೂತು ಊಟ ಮಾಡುತ್ತಿದ್ದಳು. ಆಮೇಲೆ ಒರಗಿಕೊಂಡು. ಆಮೇಲೆ ಮಲಗಿ, ಕೈಯಷ್ಟೇ ಹೊರಗೆ ಚಾಚಿ. ಆ ಕೈ ನೀರಲ್ಲಿ ನೆನೆದ ಕಡಲೆಯಂತೆ ಬೆಳ್ಳಗೆ ಸುಲಿದಿತ್ತು. ರೊಟ್ಟಿ ತುಣುಕು ಕೈಗಿಟ್ಟಾಗ ಒಳಗಿನಿಂದ ಸಣ್ಣಗೆ, “ಅವ್ವಗ ಹೇಳಬ್ಯಾಡೋ,” ಎಂದಳು. ಕೂಗುಗಾರರ ಓಣಿಯಲ್ಲೇ ದೊಡ್ಡ ದನಿ ಅವಳದು. ಏಣಿಯ ಮೇಲೆ ನಿಂತು ದವಡೆಯ ಸಂದಿಗೆ ಕಿವಿಯಿಟ್ಟು ಕೇಳಬೇಕಾಯಿತು.

ಇಳಿದವನೇ ವಾಚನಾಲಯಕ್ಕೆ ನುಗ್ಗಿದೆ. ಅಲ್ಲಿ ಹಿರಿಯರು ಕೂತು ಇಲ್ಲದ ಇಪ್ಪತ್ನಾಲ್ಕನೆಯ ಸಂಚಿಕೆಯನ್ನು ಬರೆಸುತ್ತಿದ್ದರು. ಅಂಗಡಿಗಳ ಬೋರ್ಡು ಬರೆಯುವ ಮೈಬೂಸಾಬ ನೆಲದ ಮೇಲೆ ಹಾಳೆ ಹರಡಿಕೊಂಡು ಕುಂಚ ಆಡಿಸುತ್ತಿದ್ದ. ಗೌಡ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

“ಹೊಟ್ಟಿ ಒಂದೀಟು ಒಳಗ ತಗೋ ಸಾಬಾ. ತೋಳು ಇನ್ನಾ ಬರಲಿ. ಮೂರು ಗುದ್ದು ಹಾಕು. ಒಂದ ಗುದ್ದಿಗೆ ಬಿದ್ದರ ಮಂದಿಗೆ ಮಜಾ ಬರೂದಿಲ್ಲ.”

“ಗೌಡ್ರ, ನಿಮ್ಮ ಹೊಟ್ಟಿ ಒಳಗ ತಗೊಂಡ್ರ ಹಾಳಿ ಖಾಲಿ ಉಳೀತೈತ್ರಿ,” ಎಂದ ಮೈಬೂಸಾಬ.

ನಾನು ಹಾಳೆಗಳನ್ನು ಒಂದೊಂದಾಗಿ ನೋಡಿದೆ. ಹಾರುವ ಗೌಡ, ಗುದ್ದುವ ಗೌಡ, ಸೊಂಟಕ್ಕೆ ಕೈಯಿಟ್ಟ ಗೌಡ. ಕೊನೆಯದರಲ್ಲಿ ಕಪ್ಪೆ ಮುಖ ಅಡಿಯಾಗಿ ದೊಪ್ಪನೆ ಬಿದ್ದಿತ್ತು, ಬಾಯಿ ನೆಲಕ್ಕೆ ಅಂಟಿತ್ತು. ಸುತ್ತ ಗುಂಡುಗಳು, ಗುಂಡುಗಳಲ್ಲಿ ತೂತುಗಳು.

“ಇದರಾಗ ನಮ್ಮಕ್ಕ ಎಲ್ಲಿ?” ಎಂದೆ.

ಮಾಸ್ತರರು ಕನ್ನಡಕ ಒರೆಸಿಕೊಂಡರು. “ನೋಡು ಯಮನೂರ, ನಾನೂ ಹುಡುಕೀನಿ. ಇಪ್ಪತ್ತೈದರಾಗ ಮಂದಿ ನಡುವ ಚೌಕಳಿ ಸೀರಿ ಎಲ್ಲೂ ಇಲ್ಲ. ಇದ್ದಿದ್ದರ ಆಕಿ ಬದುಕ್ಯಾಳ ಅಂತ ಬರಸಬಹುದಿತ್ತು. ಪುಸ್ತಕಕ್ಕ ಎದುರಾಗಿ ಬರದು ಊರು ಕಳಕೊಳ್ಳೂಣೇನು?”

“ಪುಸ್ತಕ ಎಲ್ಲೈತಿ ಮಾಸ್ತರ? ನೀವ ಬರ್ಯಾಕ್ಹತ್ತೀರಿ!”

“ಬರ್ಯಾಕ್ಹತ್ತಿಲ್ಲಪಾ. ಕಳದದ್ದನ್ನ ನೆನಸಾಕ್ಹತ್ತೀವಿ.”

“ಮೂರು ಗುದ್ದು ನೆನಪಾತು, ಗೌಡನ ತೋಳು ನೆನಪಾತು, ಒಬ್ಬ ಹೆಣಮಗಳು ನೆನಪಾಗವಲ್ಲಳು?”

“ಜಾಗಾ ಇಲ್ಲಲೇ!” ಗೌಡ ಗುಡುಗಿದ. “ಪುಟ ತುಂಬ್ಯಾವು. ಹೊರಗ ನಡಿ. ನಾಳೆ ಓದು ಐತಿ, ಗಂಟಲಾ ತೊಳಕೊಂಡು ಕೂಗಾಕ ಬಾ.”

ಹೊಡೆಯಬೇಕೆನಿಸಿತು. ಕೈ ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಮೈಬೂಸಾಬ ನಡುವೆ ಎದ್ದು ಮೈ ಮುರಿದ. “ಗೌಡ್ರ, ಮಸಿ ಹಸಿ ಐತಿ. ಆರೂಮಟಾ ನೀವೆಲ್ಲಾ ಚಾ ಕುಡದು ಬರ್ರಿ, ನಾ ನಮಾಜಿಗೆ ಹೋಗಿ ಬರ್ತೀನಿ. ಈ ಹುಡುಗ ನೊಣಾ ಓಡಸ್ಕೋತ ಕೂಡಲಿ.” ಅವರೆಲ್ಲ ಹೊರಟ ಮೇಲೆ ಅವನು ಬಾಗಿಲಲ್ಲಿ ನಿಂತು ನನ್ನತ್ತ ನೋಡದೆಯೇ ಹೇಳಿದ: “ಸಣ್ಣ ಕುಂಚ ಡಬ್ಬಿ ಹಿಂದ ಐತಿ. ಅದನ್ನ ಮುಟ್ಟಬ್ಯಾಡ ಮತ್ತ.”

ಶಾಲೆಯಲ್ಲಿ ನಾನು ಬರೆದ ಆಕಳನ್ನು ಗುರುಗಳು ಮಂಚವೆಂದು ತಿಳಿದಿದ್ದರು. ಅಂಥ ಕೈ ನನ್ನದು. ಹಾಳೆಗಳನ್ನು ಮತ್ತೆ ನೋಡಿದೆ. ಎರಡನೆಯ ಗುದ್ದಿಗೂ ಮೂರನೆಯ ಗುದ್ದಿಗೂ ನಡುವೆ ಮೈಬೂಸಾಬ ಒಂದು ಬಿಳಿ ಪಟ್ಟಿ ಬಿಟ್ಟಿದ್ದ. ಬೇರೆಲ್ಲೂ ಅಷ್ಟು ಅಗಲವಾಗಿ ಬಿಟ್ಟಿರಲಿಲ್ಲ. ಮೊದಲು ಅದರ ಸುತ್ತ ನಾಲ್ಕು ಗೆರೆ ಎಳೆದೆ. ಗೆರೆಯಿಲ್ಲದಿದ್ದರೆ ಮಾಸ್ತರರು ಓದುವುದಿಲ್ಲ. ಒಳಗೆ ಕಪ್ಪೆ ಬರೆದೆ, ಗೋಣಿಚೀಲದಂತೆ ಬಂತು. ಬಾಯಿ ತೆರೆಸಿದೆ. ನಾಲಗೆಯನ್ನು ಜಾರುಬಂಡೆಯಂತೆ ನೆಲದವರೆಗೆ ಚಾಚಿಸಿದೆ. ಅದರ ತುದಿಯಲ್ಲಿ, ನೆಲದ ಮೇಲೆ, ಕಾಲು ಚಾಚಿ ಕೂತ ಅಕ್ಕ. ಸೀರೆಯ ಚೌಕಗಳನ್ನು ಒಂದೊಂದಾಗಿ ಹಾಕಿದೆ. ಮುಖದ ಗುಂಡು ಬರೆದಾಗ ಕೈ ನಿಂತಿತು. ಒಳಗೆ ತೂತು ಹಾಕಲಿಲ್ಲ. ಎರಡು ಕಣ್ಣು, ಹುಬ್ಬು, ಮೂಗು, ಮೂಗಿನಲ್ಲಿ ನತ್ತು, ಮುಚ್ಚಿದ ತುಟಿ. ಕೈ ತಪ್ಪಿ ಒಂದು ಕಣ್ಣು ಮೇಲೆ ಹೋಯಿತು. ಒರೆಸಲು ಹೋದರೆ ಎಲ್ಲಿ ಮುಖವೇ ಅಳಿಸುತ್ತದೋ ಎಂದು ಹಾಗೆಯೇ ಬಿಟ್ಟೆ. ಇದರಿಂದ ಏನಾದರೂ ಆದೀತು ಎಂದು ನಾನು ನಂಬಿದ್ದೆನೇ? ಇಲ್ಲ. ಸಿಟ್ಟಿಗೆ ಬರೆದೆ. ನಾಳೆ ಅವರು ಅವಳನ್ನು ಕೊಲ್ಲುವಾಗ, ಅವಳೊಬ್ಬಳು ಇದ್ದಳು ಎಂದು ಊರೆದುರು ಓದಲೇಬೇಕಾಗಲಿ ಎಂದಷ್ಟೇ.

ಮರುದಿನ ಸೈರನ್ ಕೂಗುವ ಹೊತ್ತಿಗೆ ಕಪ್ಪೆಯ ತುಟಿಗಳ ನಡುವೆ ಬೆರಳಷ್ಟೇ ಸಂದು ಉಳಿದಿತ್ತು. ಅವ್ವ ಗಾಡಿಯ ಒಲೆ ಹೊತ್ತಿಸಿರಲಿಲ್ಲ. ಸಂದಿನತ್ತ ಮುಖ ಮಾಡಿ “ನೀಲಾ, ನೀಲಾ” ಎನ್ನುತ್ತಿದ್ದಳು. ಒಳಗಿನಿಂದ ಓಗೊಡುವ ದನಿ ನನಗೆ ಕೇಳಿಸಲಿಲ್ಲ, ಅವ್ವನಿಗೆ ಕೇಳಿಸುತ್ತಿತ್ತಂತೆ.

ಮಾಸ್ತರರು ಹೊಸ ಸಂಚಿಕೆ ಬಿಚ್ಚಿ ಮೊದಲ ಚಿತ್ರ ಓದಿದರು. “ಸಿಡಿಲರಾಯನು ಗಗನಕ್ಕೆ ಚಿಮ್ಮಿದನು.” ಗೌಡ ಮೇಜಿನ ಮೇಲಿಂದ ನೆಗೆದ. ಇಷ್ಟು ದಿನ ಕಲ್ಲಾಗಿ ನಿಂತಿದ್ದ ಕಪ್ಪೆ ಅವನತ್ತ ಕತ್ತು ಹೊರಳಿಸಿತು. ಜನರೆಲ್ಲ ಹೋ ಎಂದರು. ಕಾಲಿಗೆ ಕಟ್ಟಿದ್ದ ಹಗ್ಗ ಹರಿದು ಯಾರದೋ ಧೋತರಗಳು ಹಾರಿದವು. ಒಂದನೆಯ ಗುದ್ದು. ಕಪ್ಪೆ ತೂರಾಡಿತು. ಎರಡನೆಯ ಗುದ್ದು. ಅದು ಮುಂದಕ್ಕೆ ವಾಲಿತು. ಇನ್ನೊಂದು ಬಿದ್ದರೆ ಮುಖ ಅಡಿಯಾಗಿ ಬೀಳುತ್ತದೆ, ಅಕ್ಕ ಕೆಳಗಾಗುತ್ತಾಳೆ.

ಮಾಸ್ತರರು ಮುಂದಿನ ಚಿತ್ರಕ್ಕೆ ಬೆರಳಿಟ್ಟವರು ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದರು. ದೂರಕ್ಕೆ ಹಿಡಿದರು. ನನ್ನತ್ತ ನೋಡಿದರು.

“ಓದ್ರಿ ಮಾಸ್ತರ, ಕೈ ಎತ್ತಿ ನಿಂತೀನಿ!” ಎಂದ ಗೌಡ.

“ಗೌಡ್ರ, ನಡುವ ಇನ್ನೊಂದು ಚಿತ್ರ ಐತಿ.”

“ಯಾವ ಚಿತ್ರ? ಅದನ್ನ ಬಿಟ್ಟು ಗುದ್ದು ಓದ್ರಿ!”

ನಾನು ಬೈದದ್ದುಂಟು ಮಾಸ್ತರರನ್ನು, ಮುಂದೆಯೂ ಬೈಯುತ್ತೇನೆ. ಆದರೆ ಆ ಮನುಷ್ಯ ಜೀವಮಾನದಲ್ಲಿ ಗೆರೆಯೊಳಗಿನದನ್ನು ಒಂದು ಸಲವೂ ಬಿಟ್ಟವರಲ್ಲ. “ಗೆರಿ ಐತ್ರಿ ಗೌಡ್ರ, ಬಿಡಾಕ ಬರೂದಿಲ್ಲ,” ಎಂದು, ದನಿ ಏರಿಸಿ ಓದಿದರು. “ಮಹಾಮಂಡೂಕನು... ಬಾಯಿ ತೆರೆದು... ನಾಲಗೆಯನ್ನು ನೆಲಕ್ಕೆ ಚಾಚಿತು. ಚೌಕಳಿ ಸೀರೆಯ ಹೆಂಗಸು... ಕೆಳಗಿಳಿದು... ಕುಳಿತಿದ್ದಾಳೆ.”

ಕಪ್ಪೆ ಬಾಯಿ ತೆರೆಯಿತು.

ನಾಲಗೆ ಹೊರಗೆ ಬಂತು, ಉದ್ದಕ್ಕೆ, ನಿಧಾನಕ್ಕೆ, ದೇವರ ಮುಂದೆ ಚಾಪೆ ಬಿಚ್ಚಿದಷ್ಟು ನಿಧಾನಕ್ಕೆ. ಅದರ ಮೇಲಿನಿಂದ ನಮ್ಮ ಅಕ್ಕ ಜಾರುತ್ತ ಬಂದು ಮಿರ್ಚಿ ಗಾಡಿಯ ಪಕ್ಕದಲ್ಲಿ, ನಾನು ಬರೆದ ಹಾಗೆಯೇ, ಕಾಲು ಚಾಚಿ ಕೂತಳು. ಮೈಯೆಲ್ಲ ಲೋಳೆ. ಕೂದಲು ಮುಖಕ್ಕೆ ಅಂಟಿತ್ತು. ಕೆಮ್ಮುತ್ತ ಕೆಮ್ಮುತ್ತ ಉಸಿರೆಳೆದುಕೊಂಡಳು. ಅವ್ವ ಸೆರಗಿನಿಂದ ಅವಳ ಮುಖ ಒರೆಸುತ್ತಲೇ ಇದ್ದಳು, ಒರೆಸುತ್ತಲೇ ಇದ್ದಳು.

ಯಾರೂ ಕೂಗಲಿಲ್ಲ. ನಮ್ಮ ಓಣಿಗೆ ಕೂಗುವುದೇ ಮರೆತುಹೋಗಿತ್ತು. ಕಪ್ಪೆ ಬಾಯಿ ತೆರೆದುಕೊಂಡು ಮೂರನೆಯ ಗುದ್ದಿಗಾಗಿ ಕಾಯುತ್ತಿತ್ತು. ಮಾಸ್ತರರು ನೆನಪಿಸಿಕೊಂಡು ಅದನ್ನು ಓದಿದ ಮೇಲೆ ಗೌಡ ಹೋಗಿ, ಸೊಳ್ಳೆ ಹೊಡೆದಂತೆ ಒಂದು ತಟ್ಟಿದ. ಅದು ಪಾಪ, ಬರೆದಿತ್ತಲ್ಲ, ದೊಪ್ಪನೆ ಬಿತ್ತು. ಹಸಿರು ಬಣ್ಣ ಚರಂಡಿಯ ಕಡೆ ಹರಿಯತೊಡಗಿತು.

ಅಕ್ಕ ಹಾಳೆ ತರಿಸಿಕೊಂಡು ನೋಡಿದಳು. “ಯಾರೋ ಬರದವ? ನನ್ನ ಮೂಗು ಇಷ್ಟು ದಪ್ಪ ಐತೇನು?” ಎಂದಳು. ಯಾರೋ ಒಬ್ಬರು ನಕ್ಕರು, ಅರ್ಧಕ್ಕೇ ನಿಂತರು. ಯಾಕೆಂದರೆ ಅಷ್ಟರಲ್ಲಿ ಆ ಇನ್ನೊಂದು ವಿಷಯ ಗುಂಪಿನೊಳಗೆ ಒಬ್ಬರಿಂದೊಬ್ಬರಿಗೆ ಹರಿಯತೊಡಗಿತ್ತು. ಅದನ್ನು ನಾನು ಮುಖಗಳ ಮೇಲೆಯೇ ನೋಡಿದೆ. ಮಾಸ್ತರರು ಕಟ್ಟೆಯ ಮೇಲೆ ಕುಸಿದು ಕೂತರು. “ಇದು ಪುಸ್ತಕದಾಗ ಇರಲಿಲ್ಲ,” ಎಂದರು. “ಈ ಹುಡುಗ ನಿನ್ನಿ ಬರದದ್ದು. ಆದರ ಅದು ಕೇಳ್ತು. ಬರದದ್ದನ್ನ ಅದು ಕೇಳ್ತು.”

ಆಮೇಲೆ ಗದ್ದಲ. ಎಲ್ಲರೂ ನನ್ನ ಸುತ್ತ. ತಿಪ್ಪವ್ವ ಅತ್ತೆ ತನ್ನ ಮುರಿದ ಪಕ್ಕೆಲುಬು ತೋರಿಸಿ ಅಳುತ್ತಿದ್ದಳು. “ಇಪ್ಪತ್ತೈದನ್ನೂ ನೀನ ಬರಿ, ಈಗ ಗೌಡನ್ನ ಬಾಯಾಗ ಹಾಕು!” ಎಂದು ನಮ್ಮ ಓಣಿಯವರೇ ಯಾರೋ ಕೂಗಿದರು. ಮುಂಜಾನೆಯಾಗಿದ್ದರೆ ನಾನು ಕುಣಿದು ಹೂಂ ಎನ್ನುತ್ತಿದ್ದೆ. ಗೌಡ ಮೇಲುಹೊದಿಕೆ ಬಿಚ್ಚಿ ಕಂಕುಳಲ್ಲಿ ಮಡಿಚಿಕೊಂಡು ಬಂದ. “ಯಮನೂರಪ್ಪ,” ಎಂದ, “ಸಿಟ್ಟಿನ್ಯಾಗ ಏನೂ ಬರೀಬ್ಯಾಡಪಾ. ಕೂತು ಮಾತಾಡೂಣು.” ನನಗೆ ಅವನ ಮುಖ ಸರಿಯಾಗಿ ಕಾಣಿಸಲೇ ಇಲ್ಲ.

ಆಗ ಅವ್ವ ಜನರನ್ನು ಸರಿಸಿಕೊಂಡು ಬಂದಳು. ಅವಳ ಕೈಗೆ ಅಕ್ಕನ ಮೈಯ ಲೋಳೆ ಮೆತ್ತಿತ್ತು. ಆ ಕೈಯಿಂದಲೇ ನನ್ನ ಮುಂಗೈ ಹಿಡಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ, ಅಳುವೂ ಇರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಹಾಗೆ, ಮೆಲ್ಲಗೆ ಕೇಳಿದಳು.

“ಯಮನೂರಿ, ನಿಮ್ಮಪ್ಪನ ಸಲ ಒಂದು ಕಾಲಷ್ಟ ಬರದಿದ್ದರಲ್ಲೋ. ಆ ಕಾಲನ್ನ ಈಚಿ ಕಡೆ ಎಳದು, ಪೂರಾ ಮನಶಾನ್ನ ಬರಿಯಾಕ ಬರ್ತಿತ್ತೇನು?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಾಸ್ತರರು ತಲೆ ತಗ್ಗಿಸಿದರು. ನಾನು ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವಳ ಕೈಯನ್ನು ಅಕ್ಕನ ಕೈಗೆ ಕೊಟ್ಟೆ. ಜನ ದಾರಿ ಬಿಟ್ಟರು. ಹರಿಯುತ್ತಿದ್ದ ಹಸಿರಿನೊಳಗೇ ಕಾಲಿಟ್ಟು, ಎಮ್ಮೆ ಮೇಯುವ ಹಳೇ ಪೇಟೆಯ ಬಯಲಿನ ಕಡೆ ನಡೆಯುತ್ತ ಹೋದೆ.